ಹಸಿರೆಲ್ಲವೂ ಪುಣ್ಯವೆ?

ಕಳೆದ ಕಾರಹುಣ್ಣಿಮೆಯ ಮರುದಿನ ಮಠಕ್ಕೆ ಬಂದಿದ್ದ ವೃದ್ಧ ರೈತಭಕ್ತರೊಬ್ಬರು ಪ್ರಸಾದ ಮುಗಿಸಿಕೊಂಡು ಊರಿಗೆ ಹೊರಡುವ ಮುನ್ನ ನಮ್ಮ ಬಳಿ ಕುಳಿತು ಒಂದು ಮಾತು ಕೇಳಿದರು: “ಅಜ್ಜಾರ, ನಮ್ಮ ಹೊಲದ ಬದುವಿನಾಗ ಬಳ್ಳಾರಿ ಜಾಲಿ ದಟ್ಟ ಬೆಳದು ಒಳಗ ಬರಾಕ ಹತ್ತೈತ್ರಿ. ಬೇರು ಸಹಿತ ಕೀಳಿಸಬೇಕಂತ ಮಾಡೀನಿ. ಆದ್ರ ಶ್ರಾವಣದ ಪ್ರವಚನದಾಗ ತಾವ ಹೇಳೀರಿ, ಹಸಿರು ಗಿಡ ಕಡಿಯೂದು ಪಾಪ ಅಂತ. ನಾ ಏನ್ ಮಾಡ್ಲಿರಿ?”

ನಾವು ಕೂಡಲೆ ಉತ್ತರ ಕೊಡಲಿಲ್ಲ. ‘ಯೋಚಿಸಿ ಹೇಳುತ್ತೇವೆ’ ಎಂದು ವಿಭೂತಿ ಕೊಟ್ಟು ಕಳುಹಿಸಿದೆವು. ಹಾಗೆ ಮಾಡಿದ್ದಕ್ಕೆ ಎರಡು ಕಾರಣಗಳಿದ್ದುವು. ಒಂದು, ಪ್ರಶ್ನೆ ಕಾಣುವಷ್ಟು ಸರಳವಾದುದಲ್ಲ. ಇನ್ನೊಂದು, ಆ ಹಿರಿಯರು ಬಾಯಿಬಿಟ್ಟು ಹೇಳದೆ ಉಳಿಸಿಕೊಂಡ ಮಾತೊಂದು ಅದರೊಳಗಿತ್ತು. ಮೊದಲನೆಯದನ್ನು ವಿಚಾರಮಾಡಿದ ಮೇಲೆ ಎರಡನೆಯದಕ್ಕೆ ಬರುತ್ತೇವೆ.

ಭೂಮಿಯನ್ನು ಹಸನುಗೊಳಿಸುವುದು ಇಂದು ಜಗತ್ತಿನ ದೊಡ್ಡ ಸಂಕಲ್ಪಗಳಲ್ಲೊಂದು. ಒಣನಾಡುಗಳ ನೆಲ ಕೆಡುವುದನ್ನು ತಡೆಯಲೆಂದು 1994ರಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ರಾಷ್ಟ್ರಗಳು ಒಂದು ಒಪ್ಪಂದಕ್ಕೆ ಬಂದುವು; ನಮ್ಮ ದೇಶವೂ ಅದಕ್ಕೆ ಸೇರಿದೆ. ಕೆಟ್ಟುಹೋದ 2 ಕೋಟಿ 60 ಲಕ್ಷ ಹೆಕ್ಟೇರ್ ನೆಲವನ್ನು 2030ರೊಳಗೆ ಮತ್ತೆ ಸುಸ್ಥಿತಿಗೆ ತರುವುದಾಗಿ ಭಾರತ ಸರಕಾರವು 2019ರಲ್ಲಿ ದೆಹಲಿಯಲ್ಲಿ ನಡೆದ ಸಮಾವೇಶದ ಸಂದರ್ಭದಲ್ಲಿ ಮಾತು ಕೊಟ್ಟಿತು. ಮಾತು ಒಳ್ಳೆಯದೆ. ಆದರೆ ‘ಸುಸ್ಥಿತಿ’ ಎಂದರೆ ಯಾವುದು, ಅದನ್ನು ನಿರ್ಣಯಿಸುವವರು ಯಾರು, ಒಳ್ಳೆಯದನ್ನೇ ಮಾಡಹೊರಟವನು ಕೆಡಿಸಿಬಿಟ್ಟರೆ ಆ ದೋಷ ಯಾರದು ಎಂಬ ಪ್ರಶ್ನೆಗಳು ಲೆಕ್ಕಪತ್ರದ ಪ್ರಶ್ನೆಗಳಲ್ಲ, ಧರ್ಮದ ಪ್ರಶ್ನೆಗಳು. ಆದುದರಿಂದ ಮಠದ ಪತ್ರಿಕೆಯಲ್ಲಿ ಇವುಗಳ ವಿಚಾರ ಅಪ್ರಸ್ತುತವಾಗಲಾರದು.

ಮೊದಲಿಗೆ ಒಂದು ಭ್ರಮೆಯನ್ನು ಕಳೆದುಕೊಳ್ಳಬೇಕು. ಮರುಭೂಮಿ ಬೇರೆ, ಕೆಟ್ಟ ಭೂಮಿ ಬೇರೆ. ಮಳೆ ಕಡಿಮೆ ಎಂಬ ಕಾರಣಕ್ಕೆ ಒಂದು ನಾಡು ಶಾಪಗ್ರಸ್ತವೆಂದು ತಿಳಿಯುವುದು ತಪ್ಪು. ಮೇಲೆ ಹೇಳಿದ ಒಪ್ಪಂದವೂ ನೆಲ ಕೆಡುವ ಸಂಗತಿಯನ್ನು ವಿವರಿಸುವಾಗ ಅತ್ಯಂತ ಶುಷ್ಕವಾದ ಸಹಜ ಮರುಭೂಮಿಗಳನ್ನು ಬಿಟ್ಟು, ಅವುಗಳ ಅಂಚಿನ ಒಣನಾಡುಗಳನ್ನು ಮಾತ್ರ ತೆಗೆದುಕೊಂಡಿದೆ. ಸಹಜವಾದ ಮರುಭೂಮಿ ರೋಗವಲ್ಲ; ಅದೂ ಪರಶಿವನ ಸೃಷ್ಟಿಯ ಒಂದು ಪೂರ್ಣವಾದ ಅಂಗ. ಅತಿಯಾಗಿ ಮೇಯಿಸಿ, ಉಳಬಾರದ ಮರಳನ್ನು ಉತ್ತು, ಬೇರನ್ನೂ ಬಿಡದೆ ಸೌದೆಗೆ ಕಿತ್ತು ನಾವು ಹಾಳುಗೆಡವಿದ ನೆಲವೇ ರೋಗಿ. ಈ ಎರಡನ್ನೂ ಒಂದೇ ಎಂದು ಬಗೆದು ಔಷಧ ಕೊಡಹೊರಟಾಗ ವೈದ್ಯನೇ ರೋಗಕ್ಕೆ ಕಾರಣನಾಗುತ್ತಾನೆ.

ನಮ್ಮ ಕಂದಾಯದ ಭಾಷೆಯಲ್ಲಿ ‘ಖರಾಬು’ ಎಂಬ ಶಬ್ದವಿದೆ. ಸಾಗುವಳಿಯಾಗದ, ಕಂದಾಯ ಬಾರದ ಜಮೀನು ಖರಾಬು. ಆದರೆ ದನ ಮೇಯಿಸುವವನಿಗೆ, ಕುರಿಗಾಹಿಗೆ, ಹುಲ್ಲಿನಲ್ಲಿ ಗೂಡುಮಾಡುವ ಹಕ್ಕಿಗೆ ಅದು ಖರಾಬಲ್ಲ. ನುಲಿಯ ಚಂದಯ್ಯನವರು ಹುಲ್ಲಿನಿಂದ ಹಗ್ಗ ಹೊಸೆದು ಅದರಿಂದ ಬಂದುದರಲ್ಲಿ ದಾಸೋಹ ನಡೆಸಿದವರೆಂಬುದನ್ನು ಬಲ್ಲ ನಾವು ಹುಲ್ಲು ಬೆಳೆಯುವ ನೆಲವನ್ನು ಕೀಳಾಗಿ ಕಾಣುವುದು ಹೇಗೆ? ಬಯಲುಹುಲ್ಲುಗಾವಲನ್ನೇ ನೆಚ್ಚಿರುವ ದೊರವಾಯನ ಹಕ್ಕಿ, ನಮ್ಮ ಭಾಗದವರು ಎರ್ಲಡ್ಡು ಎನ್ನುವ ಆ ದೊಡ್ಡ ಪಕ್ಷಿ, ಇಂದು ಇಡೀ ಪ್ರಪಂಚದಲ್ಲಿ ಇನ್ನೂರಕ್ಕಿಂತ ಕಡಿಮೆ ಉಳಿದಿದೆ. ಅವುಗಳಲ್ಲಿ ಬಹುಪಾಲು ಥಾರ್ ಮರುಭೂಮಿಯಲ್ಲಿವೆ. ನಮ್ಮ ಸಿರುಗುಪ್ಪದ ಬಯಲಿನಲ್ಲಿ ಬೆರಳೆಣಿಕೆಯಷ್ಟು ಇವೆ. ಆ ಬಯಲಲ್ಲಿ ಮರದ ತೋಪೆಬ್ಬಿಸಿದರೆ ನೋಡುವವರ ಕಣ್ಣಿಗೆ ಹಸಿರು. ಆ ಹಕ್ಕಿಗೆ ಮನೆ ಹೋದಂತೆಯೆ.

ಜಾಲಿಯ ಪ್ರಶ್ನೆಗೆ ಉತ್ತರ ಹುಡುಕುವಾಗ ನಮಗೆ ನೆನಪಾದುದು ಮಾರವಾಡದ ಜೋಧಪುರ. ಕೆಲವು ವರ್ಷಗಳ ಹಿಂದೆ ಉತ್ತರದೇಶದ ಯಾತ್ರೆಯಿಂದ ಮರಳುವಾಗ ಅಲ್ಲಿ ಎರಡು ದಿನ ತಂಗಿದ್ದೆವು. ವರ್ಷಕ್ಕೆ ಹದಿನೈದು ಅಂಗುಲವೂ ಮಳೆ ಬೀಳದ ಆ ನಾಡಿನಲ್ಲಿ, ಒಂದೇ ಸಿಂಹಾಸನದ ನೆರಳಿನಲ್ಲಿ, ಮರಗಳಿಗೆ ಸಂಬಂಧಿಸಿದ ಮೂರು ಕಾರ್ಯಗಳು ಮೂರು ಕಾಲದಲ್ಲಿ ನಡೆದಿವೆ. ಆ ಮೂರನ್ನೂ ಒಂದರ ಪಕ್ಕದಲ್ಲೊಂದಿಟ್ಟು ನೋಡಿದರೆ ನಮ್ಮ ರೈತಭಕ್ತರ ಸಂಶಯಕ್ಕೆ ಪರಿಹಾರ ದೊರೆಯುತ್ತದೆ ಎಂದು ನಮ್ಮ ಭಾವನೆ.

ಮೊದಲನೆಯದು 1730ರಲ್ಲಿ ನಡೆದುದು. ಅರಮನೆಯ ಕಟ್ಟಡಕ್ಕೆ ಸುಣ್ಣ ಸುಡಲು ಸೌದೆ ಬೇಕಾಗಿ, ಮಹಾರಾಜ ಅಭಯಸಿಂಹನ ಆಳುಗಳು ಜೋಧಪುರದ ಸಮೀಪದ ಖೇಜಡಲಿ ಎಂಬ ಹಳ್ಳಿಗೆ ಕೊಡಲಿ ಹಿಡಿದು ಬಂದರು. ಅಲ್ಲಿಯ ಬಿಷ್ಣೋಯಿಗಳು 15ನೆಯ ಶತಮಾನದಲ್ಲಿ ಗುರು ಜಾಂಭೋಜಿಯವರು ವಿಧಿಸಿದ ಇಪ್ಪತ್ತೊಂಬತ್ತು ನಿಯಮಗಳನ್ನು ಪಾಲಿಸುವವರು; ಹಸಿರು ಮರವನ್ನು ಕಡಿಯಬಾರದೆಂಬುದು ಆ ನಿಯಮಗಳಲ್ಲೊಂದು. ಅಮೃತಾದೇವಿ ಎಂಬ ಸಾಧ್ವಿಯು ಮರವನ್ನಪ್ಪಿ ನಿಂತು ತಲೆಯೊಪ್ಪಿಸಿದಳು. ಅವಳ ಮಕ್ಕಳೂ ಅದೇ ದಾರಿ ಹಿಡಿದರು. ಒಬ್ಬರ ಹಿಂದೆ ಒಬ್ಬರಂತೆ 363 ಮಂದಿ ಪ್ರಾಣ ಕೊಟ್ಟ ಬಳಿಕವೇ ಕೊಡಲಿ ನಿಂತಿತು. ಅವರು ಉಳಿಸಿದ ಮರ ಯಾವುದು? ಮಾರವಾಡಿಗಳು ಖೇಜಡಿ ಎನ್ನುವುದು, ನಾವು ಬನ್ನಿ ಎಂದು, ಶಮೀವೃಕ್ಷವೆಂದು ವಿಜಯದಶಮಿಯಂದು ಪೂಜಿಸುವುದು. ಆ ನಾಡಿನ ರೈತನು ಇದನ್ನು ಹೊಲದ ನಡುವೆಯೇ ಉಳಿಸಿಕೊಂಡು ಅದರಡಿಯಲ್ಲಿ ಸಜ್ಜೆ ಬಿತ್ತುತ್ತಾನೆ. ಬೇರು ಆಳಕ್ಕಿಳಿದು ನೀರು ಹುಡುಕಿಕೊಳ್ಳುವುದರಿಂದ ಪೈರಿನೊಡನೆ ಜಗಳವಿಲ್ಲ. ಉದುರಿದ ಎಲೆ ಗೊಬ್ಬರ, ಸವರಿದ ಸೊಪ್ಪು ದನಕ್ಕೆ ಮೇವು, ಎಳೆಗಾಯಿ ಮನೆಗೆ ಪಲ್ಯ. 1983ರಲ್ಲಿ ರಾಜಸ್ಥಾನವು ಇದನ್ನು ತನ್ನ ರಾಜ್ಯವೃಕ್ಷವಾಗಿ ಆರಿಸಿಕೊಂಡಿತು.

ಎರಡನೆಯದು ಇನ್ನೂರ ಹತ್ತು ವರ್ಷಗಳ ತರುವಾಯ ನಡೆಯಿತು. 1940ರಲ್ಲಿ ಅದೇ ಜೋಧಪುರ ಸಂಸ್ಥಾನವು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಡೆಯ ಮರವೊಂದನ್ನು ‘ರಾಜವೃಕ್ಷ’ವೆಂದು ಸಾರಿ, ಪ್ರಜೆಗಳೆಲ್ಲ ಅದನ್ನು ಕಾಪಾಡಬೇಕೆಂದು ಆಜ್ಞೆ ಹೊರಡಿಸಿತು. ಆ ಮರವೇ ನಮ್ಮವರು ಬಳ್ಳಾರಿ ಜಾಲಿ ಎನ್ನುವುದು. ಹೆಸರಿಗೆ ಬಳ್ಳಾರಿಯಾದರೂ ಅದು ಬಳ್ಳಾರಿಯದಲ್ಲ. 19ನೆಯ ಶತಮಾನದಲ್ಲಿ ಪರದೇಶದಿಂದ ಹಿಂದುಸ್ಥಾನಕ್ಕೆ ಬಂದು ನೆಲೆಯೂರಿದುದು. ಈ ಬಾರಿ ರಾಜನ ಮನಸ್ಸಿನಲ್ಲಿ ಲೋಭವಿರಲಿಲ್ಲ. ಬರದಲ್ಲಿ ಬೇಯುವ ಪ್ರಜೆಗಳಿಗೆ ಸೌದೆ, ನೆರಳು, ದನಕ್ಕೆ ಕಾಯಿ ದೊರೆಯಲಿ, ಮರಳು ನಿಲ್ಲಲಿ ಎಂಬ ಕಳಕಳಿಯಿತ್ತು. ನೀರೆರೆಯದಿದ್ದರೂ ಬೆಳೆಯುವ, ಆಡು ಮುಟ್ಟದ, ಕಡಿದರೆ ಮತ್ತೆ ಚಿಗುರುವ ಮರವು ಅಂದಿನವರಿಗೆ ವರವಾಗಿ ತೋರಿದ್ದು ಸಹಜವೆ.

ಆದರೆ ಯಾವ ಗುಣಗಳಿಂದ ಅದು ವರವೆನಿಸಿತೋ ಅವೇ ಗುಣಗಳಿಂದ ಪೀಡೆಯಾಯಿತು. ಸಿಹಿಯಾದ ಕಾಯಿಯನ್ನು ದನಕರುಗಳು ತಿಂದು ಬೀಜವನ್ನು ಸೆಗಣಿಯಲ್ಲಿ ಊರೂರಿಗೆ ಒಯ್ದುವು. ಅದರ ದಟ್ಟಣೆಯಲ್ಲಿ ಹುಲ್ಲು ಹುಟ್ಟದಾಯಿತು. ಬಾರೆ, ಬನ್ನಿ, ಕರಿಜಾಲಿಗಳ ಸಸಿಗಳಿಗೆ ಎಡೆಯಿಲ್ಲದಾಯಿತು. ಗುಜರಾತದ ಕಚ್ಛದಲ್ಲಿ ಸುಮಾರು 2,500 ಚದರ ಕಿಲೋಮೀಟರ್ ಹರಡಿದ ಹುಲ್ಲುಗಾವಲೊಂದಿದೆ; ಕಾಕತಾಳೀಯವಾಗಿ ಅದರ ಹೆಸರೂ ಬನ್ನಿ. ರಣದ ಉಪ್ಪು ಒಳನುಗ್ಗುವುದನ್ನು ತಡೆಯಲೆಂದು 1961ರಲ್ಲಿ ಅಲ್ಲಿ ಸುಮಾರು 31,500 ಹೆಕ್ಟೇರಿನಲ್ಲಿ ಈ ಜಾಲಿಯನ್ನು ಬೆಳೆಸಲಾಯಿತು. ಇಂದು ಅದು ತನಗಿಟ್ಟ ಗಡಿ ದಾಟಿ ಆ ಹುಲ್ಲುಗಾವಲಿನ ಅರ್ಧದಷ್ಟನ್ನು ಆಕ್ರಮಿಸಿಕೊಂಡಿದೆ. ತಲೆಮಾರುಗಳಿಂದ ಅಲ್ಲಿ ಆಕಳು, ಎಮ್ಮೆ ಮೇಯಿಸಿ ಬದುಕಿದ ಮಾಲಧಾರಿಗಳು ಹುಲ್ಲಿಗಾಗಿ ದೂರ ದೂರ ಅಲೆಯಬೇಕಾಯಿತು. ಜಾಲಿಕಾಯಿಯನ್ನು ಅತಿಯಾಗಿ ತಿಂದ ಆಕಳುಗಳು ಹಲ್ಲು, ಜೀರ್ಣಶಕ್ತಿಗಳನ್ನು ಕಳೆದುಕೊಂಡು ಸೊರಗಿದುವು.

ಇಲ್ಲಿ ಸದ್ಭಕ್ತರು ಒಂದು ಸೋಜಿಗವನ್ನು ಗಮನಿಸಬೇಕು. ಸಸ್ಯಶಾಸ್ತ್ರಜ್ಞರು ಬಹುಕಾಲ ಬನ್ನಿಯನ್ನೂ ಬಳ್ಳಾರಿ ಜಾಲಿಯನ್ನೂ ಒಂದೇ ಕುಲದ ಅಣ್ಣತಮ್ಮಂದಿರೆಂದು ಎಣಿಸಿದ್ದರು. ಒಂದನ್ನು ಉಳಿಸಲು 363 ಜನ ಪ್ರಾಣ ತೆತ್ತರು. ಇನ್ನೊಂದನ್ನು ಕೀಳಲಾಗದೆ ಜನ ಕಣ್ಣೀರಿಡುತ್ತಿದ್ದಾರೆ. ಎರಡೂ ಹಸಿರೆ, ಎರಡೂ ಮುಳ್ಳಿನ ಮರವೆ. ಹಾಗಾದರೆ ಪುಣ್ಯವು ‘ಮರ’ ಎಂಬ ಸಾಮಾನ್ಯ ಶಬ್ದದಲ್ಲಿಲ್ಲ, ‘ಹಸಿರು’ ಎಂಬ ಬಣ್ಣದಲ್ಲಿಯೂ ಇಲ್ಲ ಎಂದಾಯಿತು. ಆ ಮರಕ್ಕೂ ಆ ನೆಲಕ್ಕೂ, ಅಲ್ಲಿ ಬಾಳುವ ಸಕಲ ಜೀವಿಗಳಿಗೂ ಇರುವ ಸಂಬಂಧದಲ್ಲಿ ಅದು ನೆಲಸಿದೆ.

ಮೂರನೆಯ ಕಾರ್ಯಕ್ಕೆ ಬರುವ ಮುನ್ನ ಜೋಧಪುರದ ವಿಜ್ಞಾನಿಗಳನ್ನು ಸ್ಮರಿಸದಿದ್ದರೆ ಅನ್ಯಾಯವಾದೀತು. 1952ರಲ್ಲಿ ಅಲ್ಲಿ ಮರುಭೂಮಿಯಲ್ಲಿ ಮರ ಬೆಳೆಸುವ ಕೇಂದ್ರವೊಂದು ಆರಂಭವಾಗಿ, 1959ರಲ್ಲಿ ಕೇಂದ್ರೀಯ ಶುಷ್ಕವಲಯ ಸಂಶೋಧನ ಸಂಸ್ಥೆಯಾಗಿ ಬೆಳೆಯಿತು. ಹೊಲ, ರಸ್ತೆ, ರೈಲುಹಳಿಗಳ ಮೇಲೆ ನಡೆದುಬರುವ ಮರಳುದಿಬ್ಬಗಳನ್ನು ನಿಲ್ಲಿಸಲು ಅವರು ಕಂಡುಕೊಂಡ ವಿಧಾನವು ತಿಳಿಯತಕ್ಕದ್ದು. ಮೊದಲು ದಿಬ್ಬಕ್ಕೆ ಬೇಲಿ ಹಾಕಿ ದನಕರು, ಕೊಡಲಿಗಳಿಂದ ಅದನ್ನು ಕಾಯುವುದು. ಎರಡನೆಯದಾಗಿ, ಅಲ್ಲಿಯೇ ಬೆಳೆಯುವ ಖೀಂಪ್, ಕಾಡುಬಾರೆ ಮುಂತಾದ ಪೊದೆಗಳ ಒಣಗಿಡವನ್ನು ತಲೆಕೆಳಗಾಗಿ ಮರಳಿನಲ್ಲಿ ಹೂಳುತ್ತ, ನೆತ್ತಿಯಿಂದ ಬುಡದವರೆಗೆ ಪಗಡೆಯ ಹಾಸಿನಂತೆ ಮನೆಮನೆಯಾಗಿ ಸಣ್ಣ ತಡೆಗಳನ್ನು ಕಟ್ಟುವುದು. ಗಾಳಿಯ ವೇಗ ನೆಲದ ಮಟ್ಟದಲ್ಲಿ ತಗ್ಗಿದಾಗ ಮರಳು ನಿಲ್ಲುತ್ತದೆ. ಆ ಬಳಿಕವೇ ಮಳೆಗಾಲದಲ್ಲಿ ಸಸಿ ನೆಡುವುದು, ನಡುವೆ ಸೇವಣದಂಥ ಹುಲ್ಲಿನ ಬೀಜ ಬಿತ್ತುವುದು. ನೆಡುವ ಕೆಲಸ ಕೊನೆಯದು. ಕಾಯುವ ಕೆಲಸ ಮೊದಲನೆಯದು. ಬೇಗ ಬೆಳೆಯುತ್ತವೆಂದು ಪರದೇಶದ ಜಾತಿಗಳನ್ನು ತರಿಸಿ ನೆಡುವ ಒಲವು ಆ ಕಾಲದಲ್ಲಿ ವಿಜ್ಞಾನಿಗಳಲ್ಲಿಯೂ ಇತ್ತು. 1958ರಲ್ಲಿ ಇಸ್ರೇಲಿನ ಜಾಲಿಯು ಬಂದುದು ಹಾಗೆಯೆ. ಅವರ ತಾಳ್ಮೆಯನ್ನು ಗೌರವಿಸುತ್ತಲೇ, ಆತುರವು ಬಲ್ಲವರನ್ನೂ ಬಿಡದೆಂಬುದನ್ನು ಗುರುತಿಸಿಕೊಳ್ಳಬೇಕು.

ಇನ್ನು ಮೂರನೆಯದು. ಜೋಧಪುರದ ಮೆಹರಾನಗಢ ಕೋಟೆಯ ಮಗ್ಗುಲಲ್ಲಿ ಸುಮಾರು 75 ಕೋಟಿ ವರ್ಷಗಳ ಹಿಂದಣ ಜ್ವಾಲಾಮುಖಿಗಳಿಂದಾದ ಬಂಡೆನೆಲವಿದೆ. ರಾಜವೃಕ್ಷವೆನಿಸಿದ ಜಾಲಿಯು ಆ ಬಂಡೆಯ ಬಿರುಕು ಬಿರುಕಿನಲ್ಲಿ ಬೇರೂರಿ ಎಲ್ಲವನ್ನೂ ಮುಚ್ಚಿಬಿಟ್ಟಿತ್ತು. ರಾಜಮನೆತನವು ಸ್ಥಾಪಿಸಿದ ಕೋಟೆಯ ವಿಶ್ವಸ್ತಮಂಡಳಿಯೇ 2006ರಲ್ಲಿ, ಆ ಸುಮಾರು 70 ಹೆಕ್ಟೇರ್ ನೆಲವನ್ನು ಅದರ ಮೂಲರೂಪಕ್ಕೆ ಮರಳಿಸುವ ಕಾರ್ಯವನ್ನು ಪ್ರದೀಪ ಕ್ರಿಷೆನ್ ಎಂಬ ವೃಕ್ಷತಜ್ಞರಿಗೆ ಒಪ್ಪಿಸಿತು. ಜಾಲಿಯ ಬುಡ ಕಡಿದರೆ ಮತ್ತೆ ಚಿಗುರುತ್ತಿತ್ತು. ಬಂಡೆಯೊಳಗೆ ಒಂದು ಮೊಳದಷ್ಟಾದರೂ ಆಳಕ್ಕೆ ಹೋಗಿ ಬೇರಿನ ಗಂಟನ್ನು ತೆಗೆಯದೆ ಬೇರೆ ದಾರಿಯಿರಲಿಲ್ಲ. ಇದನ್ನು ಸಾಧಿಸಿದವರು ಪದವೀಧರರಲ್ಲ. ಜೋಧಪುರದ ಕಲ್ಲುಗಣಿಗಳಲ್ಲಿ ತಲೆತಲಾಂತರದಿಂದ ದುಡಿದ ಖಂಡವಾಲಿಯ ಎಂಬ ಕಲ್ಲುಕುಟಿಗರು. ಸುತ್ತಿಗೆಯಿಂದ ಬಂಡೆಯನ್ನು ತಟ್ಟಿ, ಅದರ ನಾದವನ್ನು ಕೇಳಿಯೇ ಒಳಗೆ ಬಿರುಕು ಎಲ್ಲಿದೆ, ಕಲ್ಲು ಎಲ್ಲಿ ಸಡಿಲವಿದೆ ಎಂಬುದನ್ನು ಅವರು ಬಲ್ಲರು. ಅವರು ಉಳಿಯಿಂದ ಬೇರು ಕಿತ್ತ ಕುಳಿಗಳಲ್ಲಿಯೇ, ಮರುಭೂಮಿಯಲ್ಲಿ ಅಲೆದು ತಂದ ಬೀಜಗಳಿಂದ ಬೆಳೆಸಿದ ಕಳ್ಳಿ ಮೊದಲಾದ ಆ ಕಲ್ಲುನೆಲಕ್ಕೇ ಒಗ್ಗಿದ ಗಿಡಗಳನ್ನು ನೆಟ್ಟರು. 2011ರಲ್ಲಿ ಅದು ರಾವ್ ಜೋಧಾ ಮರುಭೂಮಿ ಶಿಲೋದ್ಯಾನವೆಂದು ಜನರಿಗೆ ತೆರೆಯಿತು.

ನಾವು ಹೋದುದು ಬೇಸಗೆಯಲ್ಲಿ. ಕಣ್ಣಿಗೆ ತಂಪಾಗುವ ಹಸಿರು ಅಲ್ಲಿರಲಿಲ್ಲ. ಬೂದುಬಣ್ಣದ ಗಿಡಗಳು, ಎಲೆಯುದುರಿಸಿ ನಿಂತ ಕಡ್ಡಿಗಳು, ನಡುವೆ ಬರಿಯ ಬಂಡೆ. ಜೊತೆಗಿದ್ದ ಶಿಷ್ಯರು, “ಬುದ್ಧಿ, ಇಷ್ಟಕ್ಕೆ ಇಷ್ಟು ಕಷ್ಟಪಟ್ಟರೆ?” ಎಂದು ನಿರಾಶೆಯಿಂದ ಕೇಳಿದರು. ಆ ಪ್ರಶ್ನೆ ಅಂದು ನಮ್ಮ ಮನಸ್ಸಿನಲ್ಲಿಯೂ ಇತ್ತು. ಆ ನೆಲ ಬೇಸಗೆಯಲ್ಲಿ ಹಾಗೆಯೇ ಇರತಕ್ಕದ್ದೆಂಬುದು ಆಮೇಲೆ ಹೊಳೆಯಿತು. ನಮ್ಮ ಕಣ್ಣಿನ ತೃಪ್ತಿಗಾಗಿ ನೆಲವಿಲ್ಲ.

ಈ ಮೂರು ಕಾರ್ಯಗಳನ್ನು ತೂಗಿನೋಡೋಣ. ಮೊದಲನೆಯದರಲ್ಲಿ ಸಂಕಲ್ಪವೇ ದುಷ್ಟ. ಮೂರನೆಯದರಲ್ಲಿ ಸಂಕಲ್ಪವೂ ಇದೆ, ಅರಿವೂ ಇದೆ. ತೊಡಕಿರುವುದು ನಡುವಣದರಲ್ಲಿ. ಅಲ್ಲಿ ಸಂಕಲ್ಪ ಒಳ್ಳೆಯದು, ಫಲ ಕೆಟ್ಟದು. ಇದಕ್ಕೆ ಏನೆನ್ನಬೇಕು?

ಇಲ್ಲಿ ಒಂದು ಪೂರ್ವಪಕ್ಷವುಂಟು. ‘ಭಾವಶುದ್ಧಿಯೇ ಮುಖ್ಯ, ಫಲ ಈಶ್ವರಾಧೀನ. ಆದ್ದರಿಂದ ರಾಜನಿಗೆ ದೋಷವಿಲ್ಲ’ ಎಂಬುದು. ಪಾಶ್ಚಾತ್ಯರಲ್ಲಿ ಕ್ಯಾಂಟನೂ ಸತ್ಸಂಕಲ್ಪವೊಂದೇ ನಿರುಪಾಧಿಕವಾಗಿ ಶ್ರೇಷ್ಠವೆಂದು ಸಾರಿದವನು. ಆದರೆ ಅದೇ ಕ್ಯಾಂಟನು, ಸತ್ಸಂಕಲ್ಪವೆಂದರೆ ಬರಿಯ ಹಾರೈಕೆಯಲ್ಲ, ಕೈಲಾದ ಸಾಧನಗಳನ್ನೆಲ್ಲ ಒಟ್ಟುಗೂಡಿಸುವುದೆಂದು ಎಚ್ಚರಿಸಿರುವುದನ್ನು ಹಲವರು ಮರೆಯುತ್ತಾರೆ. ಆ ಸಾಧನಗಳಲ್ಲಿ ಮೊದಲನೆಯದು ತಿಳಿವಳಿಕೆ. ತಿಳಿದುಕೊಳ್ಳಲು ಅವಕಾಶವಿದ್ದೂ ತಿಳಿಯಲು ಶ್ರಮಪಡದವನ ಭಾವವು ಪೂರ್ತಿ ಶುದ್ಧವೆನ್ನಲಾಗದು. ಅದರಲ್ಲಿ ಆಲಸ್ಯದ ಕಲ್ಮಷ ಬೆರೆತಿದೆ. ನಮ್ಮ ಶಾಸ್ತ್ರಗಳು ಅರಿವು ಮತ್ತು ಆಚಾರಗಳನ್ನು ಕುರುಡ–ಕುಂಟರ ದೃಷ್ಟಾಂತದಿಂದ ವಿವರಿಸುತ್ತವೆ. ಕಾಣದ ಕ್ರಿಯೆ ಗುಂಡಿಗೆ ಬೀಳುತ್ತದೆ. ನಡೆಯದ ಅರಿವು ಇದ್ದಲ್ಲೇ ಕೂರುತ್ತದೆ. ನೆಲದ ವಿಷಯದಲ್ಲಿ ಬಿದ್ದವನು ತಾನೊಬ್ಬನೇ ಬೀಳುವುದಿಲ್ಲ, ಮುಂದಿನ ಮೂರು ತಲೆಮಾರನ್ನು ಎಳೆದುಕೊಂಡು ಬೀಳುತ್ತಾನೆ.

ಎರಡನೆಯ ಪೂರ್ವಪಕ್ಷ: ‘ಜಾಲಿಯೂ ಶಿವನ ಸೃಷ್ಟಿಯಲ್ಲವೆ? ಅದನ್ನು ಕೀಳಲು ನಾವು ಯಾರು?’ ಮಾತು ಗಂಭೀರವಾದುದು. ಜಾಲಿ ನಿರಪರಾಧಿ ಎಂಬುದರಲ್ಲಿ ಸಂಶಯವಿಲ್ಲ. ತನ್ನ ತವರಿನಲ್ಲಿ ಅದು ತನ್ನ ನೆರೆಹೊರೆಯೊಡನೆ ಅಳತೆಯರಿತು ಬಾಳುತ್ತದೆ. ಅದನ್ನು ಅಲ್ಲಿಂದ ಕಿತ್ತುತಂದು, ಅದಕ್ಕೆ ಅಂಕೆಯೇ ಇಲ್ಲದೆಡೆ ಬಿಟ್ಟವರು ನಾವು. ಆದುದರಿಂದ ಅದನ್ನು ಕೀಳುವಾಗ ದ್ವೇಷ ಸಲ್ಲದು, ನಮ್ಮ ತಪ್ಪಿನ ನೆನಪಿರಬೇಕು. ಆದರೆ ಒಂದರ ಪ್ರಾಣಕ್ಕೆ ಮರುಗಿ, ಅದರಡಿಯಲ್ಲಿ ಹುಟ್ಟದೆ ಹೋದ ನೂರು ಬಗೆಯ ಹುಲ್ಲು, ಗಿಡ, ಹಕ್ಕಿಗಳನ್ನು ಮರೆತರೆ ಅದು ದಯೆಯಾಗದು; ಕಣ್ಣೆದುರಿಗಿರುವುದರ ಮೇಲಿನ ಮೋಹವಾಗುತ್ತದೆ.

ಮೂರನೆಯದನ್ನು ಬಡವರು ಕೇಳುತ್ತಾರೆ: ‘ಜಾಲಿ ಹೋದರೆ ನಮ್ಮ ಒಲೆಗೆ ಸೌದೆಯೆಲ್ಲಿ?’ ಕಚ್ಛದಲ್ಲಿಯೂ ನಮ್ಮ ಬಯಲುಸೀಮೆಯಲ್ಲಿಯೂ ಎಷ್ಟೋ ಸಂಸಾರಗಳು ಜಾಲಿಯ ಇದ್ದಿಲು ಸುಟ್ಟು ಹೊಟ್ಟೆ ಹೊರೆಯುತ್ತಿವೆ. ಈ ಪ್ರಶ್ನೆಗೆ ವಾದದಿಂದ ಉತ್ತರವಿಲ್ಲ. ಒಲೆಗೆ ಬೇರೆ ದಾರಿ ತೋರಿಸಿದ ಮೇಲೆಯೇ ಕೊಡಲಿಯೆತ್ತುವುದು ಧರ್ಮ. ಸಿರಿವಂತನ ಪ್ರಾಯಶ್ಚಿತ್ತದ ಖರ್ಚನ್ನು ಬಡವನ ಒಲೆಯಿಂದ ವಸೂಲು ಮಾಡಲಾಗದು.

ಹಾಗಾದರೆ ನೆಲಕ್ಕೆ ಮಾಡುವ ಸೇವೆಯ ಸರಿಯಾದ ರೀತಿ ಯಾವುದು? ಪಂಚಾಚಾರಗಳಲ್ಲಿ ಕೊನೆಯದಾದ ಭೃತ್ಯಾಚಾರದಲ್ಲಿ ಇದಕ್ಕೆ ಉತ್ತರವಿದೆಯೆಂದು ನಮಗೆ ತೋರುತ್ತದೆ. ಭೃತ್ಯನು ಒಡೆಯನಿಗೆ ಬೇಕಾದುದನ್ನು ಕೊಡುತ್ತಾನೆ, ತನಗೆ ತೋಚಿದುದನ್ನಲ್ಲ. ಅದಕ್ಕಾಗಿ ಅವನು ಒಡೆಯನ ಮುಖ ನೋಡಿ ಕಾಯುತ್ತಾನೆ. ದಾನಕ್ಕೂ ದಾಸೋಹಕ್ಕೂ ಇರುವ ಅಂತರವಿದೆ. ದಾನಿಯು ‘ನಾನು ಕೊಟ್ಟೆ’ ಎನ್ನುತ್ತಾನೆ. ದಾಸೋಹಿಗೆ ಆ ‘ನಾನು’ ಇಲ್ಲ. ಮನೆಗೆ ಬಂದ ಜಂಗಮನು ಜ್ವರದಿಂದ ಬಳಲುತ್ತಿರುವಾಗ ಹೋಳಿಗೆ ತುಪ್ಪ ಬಡಿಸಿ ಉಣ್ಣಿರೆಂದು ಒತ್ತಾಯಿಸಿದರೆ ಅದು ಭಕ್ತಿಯೆನಿಸದು. ‘ಮರುಭೂಮಿಯನ್ನು ನಂದನವನ ಮಾಡುತ್ತೇವೆ’ ಎನ್ನುವ ಮಾತಿನಲ್ಲಿ ಈ ಹೋಳಿಗೆ ಬಡಿಸುವ ಹುರುಪು ಇದೆ. ನೀರಿನ ವಿಷಯವೂ ಇದೇ. ರಾಜಸ್ಥಾನದ ಇಂದಿರಾ ಗಾಂಧಿ ಕಾಲುವೆಯು ಬಾಯಾರಿದ ನಾಡಿಗೆ ನೀರನ್ನೇನೋ ತಂದಿತು. ಆದರೆ ಮರಳಿನ ಕೆಳಗೆ ನೀರು ಇಳಿಯಗೊಡದ ಗಟ್ಟಿಪದರವಿದ್ದೆಡೆಗಳಲ್ಲಿ ಹೊಲಗಳು ಜೌಗಾಗಿ ಉಪ್ಪುಗಟ್ಟಿದುವು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸವುಳಾದ ಗದ್ದೆಗಳನ್ನು ಕಂಡ ನಮ್ಮ ಭಕ್ತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನೆಲದ ಮುಖ ನೋಡಿ ಕಾಯುವುದೆಂದರೆ ಏನೆಂಬುದಕ್ಕೆ ದೂರದ ಆಫ್ರಿಕಾದಲ್ಲಿ ಒಂದು ಒಳ್ಳೆಯ ನಿದರ್ಶನವಿದೆ. ಸಹಾರಾ ಮರುಭೂಮಿಯ ದಕ್ಷಿಣದಂಚಿನ ನೈಜರ್ ದೇಶದಲ್ಲಿ 1980ರ ದಶಕದ ಆರಂಭದಲ್ಲಿ ಟೋನಿ ರಿನಾಡೊ ಎಂಬ ಆಸ್ಟ್ರೇಲಿಯದ ಕೃಷಿತಜ್ಞರು ಸಸಿ ನೆಡಿಸುತ್ತಿದ್ದರು. ನೆಟ್ಟವುಗಳಲ್ಲಿ ಹೆಚ್ಚಿನವು ಸತ್ತುಹೋಗುತ್ತಿದ್ದುವು. ಒಂದು ದಿನ ದಾರಿಯ ಪಕ್ಕದ ಪೊದೆಯೊಂದನ್ನು ಹತ್ತಿರ ಹೋಗಿ ನೋಡಲಾಗಿ, ಅದು ಪೊದೆಯಲ್ಲ, ಕಡಿದ ಮರದ ಬೊಡ್ಡೆಯ ಚಿಗುರೆಂದು ತಿಳಿಯಿತು. ಇಡೀ ಬಯಲಿನಡಿಯಲ್ಲಿ ಕಾಡೊಂದು ಬೇರಿನ ರೂಪದಲ್ಲಿ ಜೀವಂತವಾಗಿಯೇ ಇತ್ತು. ಆಮೇಲೆ ರೈತರು ಮಾಡಿದುದಿಷ್ಟೆ: ಹಲವು ಚಿಗುರುಗಳಲ್ಲಿ ಗಟ್ಟಿಯಾದ ಕೆಲವನ್ನು ಉಳಿಸಿ, ಮಿಕ್ಕುದನ್ನು ಸವರಿ, ಕಾದರು. ಮರವೆಲ್ಲ ಸರಕಾರದ್ದೆಂಬ ಹಳೆಯ ಕಟ್ಟಳೆ ಸಡಿಲಗೊಂಡು, ತಾನು ಕಾದ ಮರ ತನ್ನದೆಂಬ ನಂಬಿಕೆ ರೈತನಿಗೆ ಬಂದುದೂ ಇದಕ್ಕೆ ನೆರವಾಯಿತು. ಇಪ್ಪತ್ತು ವರ್ಷಗಳಲ್ಲಿ ಸುಮಾರು 50 ಲಕ್ಷ ಹೆಕ್ಟೇರ್ ಹೊಲಗಳಲ್ಲಿ ಮರಗಳು ಮತ್ತೆ ಎದ್ದುವು. ಹೊರಗಿನಿಂದ ತಂದುಕೊಡುವ ಮುನ್ನ ಒಳಗಿರುವುದನ್ನು ಕಾಣು; ಅದು ಏಳದಂತೆ ತಡೆಯುತ್ತಿರುವ ನಿನ್ನ ಕಾಲನ್ನು ತೆಗೆ ಎಂಬುದು ಇದರ ಪಾಠ. ಶಿಷ್ಯನಲ್ಲಿ ಸುಪ್ತವಾಗಿರುವ ಚೈತನ್ಯವನ್ನು ಎಚ್ಚರಿಸುವ ಗುರುವಿನ ಕೆಲಸವೂ ಇಂಥದೇ.

ಇನ್ನು ನಾವು ಕೊನೆಗೆಂದು ಉಳಿಸಿಕೊಂಡ ಮಾತು. ಪ್ರಶ್ನೆ ಕೇಳಿದ ಆ ಹಿರಿಯರ ಹೊಲವು ಮಠದ ಖುಷ್ಕಿ ಜಮೀನಿಗೆ ತಗುಲಿಕೊಂಡಿದೆ. ಇಪ್ಪತ್ತೆಂಟು ವರ್ಷಗಳ ಹಿಂದೆ, ನಾವು ಪಟ್ಟಕ್ಕೆ ಬಂದ ಹೊಸತರಲ್ಲಿ, ಜಮೀನಿಗೆ ಬೇಲಿಯಾಗಲಿ, ದಾಸೋಹದ ಒಲೆಗೆ ಸೌದೆಯಾಗಲಿ ಎಂದು ನಾವೇ ನಿಂತು ಆ ಬದುಗಳ ಮೇಲೆ ಬಳ್ಳಾರಿ ಜಾಲಿಯ ಬೀಜ ಊರಿಸಿದೆವು. ಈ ಪತ್ರಿಕೆಯನ್ನೋದುವ ಪ್ರಸಾದನಿಲಯದ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಅಂದು ತಮ್ಮ ಕೈಯಿಂದಲೇ ಆ ಬೀಜ ಹಾಕಿದವರು. ಅವರಿಗೆ ಆ ದಿನದ ನೆನಪಿದ್ದೀತು. ಬೇಡವೆಂದು ಒಬ್ಬ ಕುರಿಗಾಹಿ ಅಂದು ಹೇಳಿದ್ದ. ವಿಶ್ವವಿದ್ಯಾಲಯದ ಪದವಿಯಿದ್ದ ನಮಗೆ ಅವನ ಮಾತು ಹಿಡಿಸಲಿಲ್ಲ. ಮೂರು ವರ್ಷಗಳಲ್ಲಿ ಬೇಲಿ ಸಮೃದ್ಧವಾಗಿ ಬೆಳೆಯಿತು. ನಮಗೆ ಸಂತೋಷವೂ ಆಯಿತು. ಆ ಬೇಲಿಯೇ ಇಂದು ನೆರೆಯವರ ಹೊಲದೊಳಗೆ ನಡೆದಿದೆ. ಹಿರಿಯರು ಅದನ್ನು ಬಲ್ಲರು. ಬಲ್ಲರಾದರೂ, ‘ಇದು ತಮ್ಮ ಜಾಲಿ’ ಎನ್ನದೆ, ‘ಕಡಿದರೆ ಪಾಪವೆ?’ ಎಂದು ಕೇಳಿದರು. ಅವರ ಆ ಸೌಜನ್ಯವು ನಮಗೆ ಆರೋಪಕ್ಕಿಂತ ಹೆಚ್ಚಾಗಿ ನಾಟಿತು. ಜೋಧಪುರದ ರಾಜನಿಗೆ ಹೇಳಿದ ಮಾತೆಲ್ಲವೂ ನಮಗೂ ಅನ್ವಯಿಸುತ್ತದೆ ಎಂಬುದನ್ನು ಮರೆಮಾಚಿ ಈ ಲೇಖನವನ್ನು ಮುಗಿಸುವುದು ಪೀಠಕ್ಕೆ ತಕ್ಕುದಲ್ಲ.

ಆದ್ದರಿಂದ ಆ ಹಿರಿಯರಿಗೆ ನಮ್ಮ ಉತ್ತರವಿದು: ಕೀಳುವುದು ಪಾಪವಲ್ಲ, ಆದರೆ ಕೀಳಬೇಕಾದವರು ನೀವಲ್ಲ, ನಾವು. ಎರಡೂ ಬದುಗಳ ಜಾಲಿಯನ್ನು ಬೇರಿನ ಗಂಟು ಸಹಿತ ತೆಗೆಸುವ ಖರ್ಚನ್ನು ಮಠವೇ ವಹಿಸುತ್ತದೆ. ಆ ಬೇಲಿಯ ಸೌದೆಯನ್ನೇ ನಂಬಿರುವ ಮೂರು ಬಡಸಂಸಾರಗಳಿಗೆ ಉರುವಲಿನ ಏರ್ಪಾಡು ಆಗುವವರೆಗೆ ಕೊಡಲಿ ಹಾಕುವುದಿಲ್ಲ. ಒಮ್ಮೆಗೆ ಎಲ್ಲವನ್ನೂ ಯಂತ್ರದಿಂದ ಬಗೆದು ಮಣ್ಣು ಸಡಿಲಿಸದೆ, ವರ್ಷಕ್ಕಿಷ್ಟೆಂದು ತೆಗೆಯುತ್ತೇವೆ. ತೆಗೆದ ಜಾಗದಲ್ಲಿ ಏನನ್ನು ನೆಡಬೇಕೆಂದು ನಾವು ಈಗಲೇ ನಿಶ್ಚಯಿಸುವುದಿಲ್ಲ. ಎರಡು ಮಳೆಗಾಲ ಬಿಟ್ಟು ಕಾಯ್ದು, ತಾನಾಗಿ ಏನು ಏಳುತ್ತದೆಂದು ನೋಡುತ್ತೇವೆ. ಬನ್ನಿಯೋ ಬಾರೆಯೋ ಬೇವೋ ಎದ್ದರೆ ಕಾಯುತ್ತೇವೆ. ಹುಲ್ಲೇ ಬಂದರೆ ಹುಲ್ಲನ್ನೇ ಪ್ರಸಾದವೆಂದು ಸ್ವೀಕರಿಸುತ್ತೇವೆ. ಆ ಕುರಿಗಾಹಿ ಈಗಿಲ್ಲ. ಅವನ ಮಗನನ್ನು ಕರೆಸಿ ಕೇಳುವುದೆಂದು ನಿಶ್ಚಯಿಸಿದ್ದೇವೆ.

ಈ ಸಲದ ಶ್ರಾವಣದ ಪ್ರವಚನದಲ್ಲಿ ‘ಹಸಿರು ಗಿಡ ಕಡಿಯುವುದು ಪಾಪ’ ಎಂಬ ನಮ್ಮ ಮಾತನ್ನು ತಿದ್ದಿಕೊಳ್ಳುತ್ತೇವೆ. ನೆಲವನ್ನರಿಯದೆ ಕಡಿಯುವುದು ಪಾಪ; ನೆಲವನ್ನರಿಯದೆ ನೆಡುವುದೂ ಪಾಪವೆ. ಹೊಲಮನೆಯುಳ್ಳ ಭಕ್ತರು, ಊರೂರಲ್ಲಿ ಅಧಿಕಾರದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳು, ಮುಂದಿನ ಮುಂಗಾರಿನಲ್ಲಿ ಸಸಿಯನ್ನು ಕೈಗೆತ್ತಿಕೊಳ್ಳುವ ಮೊದಲು ಆ ನೆಲದಲ್ಲಿ ಒಂದು ಗಳಿಗೆ ಸುಮ್ಮನೆ ನಿಂತು, ಅಲ್ಲಿಯ ಹಿರಿಯನೊಬ್ಬನನ್ನು ಕೇಳಿ, ಆಮೇಲೆ ಗುಂಡಿ ತೋಡಲಿ ಎಂದು ಹಾರೈಸುತ್ತೇವೆ. ಸರ್ವರಿಗೂ ಶಿವನು ಸನ್ಮಂಗಳವನ್ನುಂಟುಮಾಡಲಿ.